ಉಪ್ಪು ನೋಡೇ ಲಿಂಗಾ

ನನ್ನ ಜೀಪು ಹತ್ತಿದವರು ಮೊದಲು ಕೇಳುವುದು ಹೆಬ್ಬೆ ಜಲಪಾತ ಎಷ್ಟು ದೂರ ಎಂದು. ಬಾಯಿಗೆ ಬಂದದ್ದು ಹೇಳಿಬಿಡುತ್ತೇನೆ. ಆ ರಸ್ತೆಯ ದೂರವನ್ನು ಸೊಂಟನೋವಿನಲ್ಲೇ ಅಳೆಯಬೇಕು. ಆಮೇಲೆ ಕೇಳುವುದು ಊಟ ಎಲ್ಲಿ ಎಂದು. ಅದಕ್ಕೆ ನನ್ನ ಉತ್ತರ ಇಷ್ಟು ವರ್ಷದಲ್ಲಿ ಬದಲಾಗಿಲ್ಲ: ಈರಕ್ಕನ ಮನೆ.

ತರೀಕೆರೆಯಿಂದ ಹೊರಟು ಲಿಂಗದಹಳ್ಳಿ ದಾಟಿದ ಮೇಲೆ, ರಸ್ತೆ ಬೆಟ್ಟಕ್ಕೆ ಮುಖ ಮಾಡುವ ತಿರುವಿನಲ್ಲಿ ಅವಳ ಹೆಂಚಿನ ಮನೆ. ಬೋರ್ಡಿಲ್ಲ, ಮೆನು ಇಲ್ಲ. ಅವತ್ತು ಒಲೆಯ ಮೇಲೆ ಏನಿದೆಯೋ ಅದೇ ಊಟ. ಹೆಚ್ಚಿನ ದಿನ ರಾಗಿ ಮುದ್ದೆ, ಹುರುಳಿ ಸಾರು, ಹುಚ್ಚೆಳ್ಳು ಚಟ್ನಿ. ಮನಸ್ಸು ಬಂದರೆ ಒತ್ತು ಶಾವಿಗೆಗೆ ಕಾಯಿಹಾಲು. ಆದರೆ ಉಂಡು ಎದ್ದು ಹೋಗುವ ಹಾಗಿಲ್ಲ. ಬಂದವರು ಒಂದು ಕೈ ಹಾಕಿ ಅಡುಗೆ ಮಾಡಲೇಬೇಕು, ಅದು ಈರಕ್ಕನ ಕಟ್ಟಳೆ. ಒಬ್ಬರ ಕೈಗೆ ಒರಳುಕಲ್ಲು, ಇನ್ನೊಬ್ಬರ ಕೈಗೆ ಮುದ್ದೆ ಕೋಲು. ಊರಲ್ಲಿ ಕಾರಿನ ಬಾಗಿಲನ್ನೂ ತಾವೇ ತೆಗೆಯದ ದೊಡ್ಡ ಮನುಷ್ಯರು ಇಲ್ಲಿ ತಪ್ಪಲೆಯನ್ನು ಎರಡು ಪಾದದ ನಡುವೆ ಅದುಮಿ ಹಿಡಿದು, ಕೋಲು ತಿರುವುತ್ತಾ, ಬೆವರು ಸುರಿಸುವುದನ್ನು ನೋಡುವುದೆಂದರೆ ನನಗೆ ಹಬ್ಬ. ಬಿಸಿ ಹಿಟ್ಟಿಗೆ ಕೈಯಿಟ್ಟು ಚೀರಿದವರಿಗೆ ಈರಕ್ಕ ಹೇಳುವುದು ಒಂದೇ ಮಾತು.

"ಕೈ ಒದ್ದೆ ಮಾಡ್ಕಳಪ್ಪಾ. ರಾಗಿ ಏನು ನಿಮ್ಮ ನೆಂಟ್ರಾ, ನೋಡ್ಕೊಂಡು ಸುಡೋಕೆ?"

ಆ ಒಲೆ ಹಚ್ಚಿದವರು ಇಬ್ಬರು. ಈರಕ್ಕ ಮತ್ತು ಅವಳ ಓರಗಿತ್ತಿ ಲಿಂಗಮ್ಮ. ಅಣ್ಣ ಕಲ್ಲಪ್ಪನನ್ನು ಈರಕ್ಕ, ತಮ್ಮ ಲಕ್ಷ್ಮಣಪ್ಪನನ್ನು ಲಿಂಗಮ್ಮ ಮದುವೆಯಾಗಿ ಒಂದೇ ಮನೆಗೆ ಬಂದವರು. ಲಕ್ಷ್ಮಣಪ್ಪ ಚಿಕ್ಕ ವಯಸ್ಸಿನಲ್ಲೇ ಹಾವು ಕಚ್ಚಿ ಹೋದ. ಮಕ್ಕಳಿರಲಿಲ್ಲ. ತವರಿಗೆ ಹೋಗುತ್ತೇನೆಂದು ಟ್ರಂಕು ಎತ್ತಿದ ಲಿಂಗಮ್ಮನ ಕೈಯಿಂದ ಟ್ರಂಕು ಕಿತ್ತುಕೊಂಡು ಈರಕ್ಕ ಅಟ್ಟದ ಮೇಲೆ ಎಸೆದಳಂತೆ. ಅದು ಇವತ್ತಿಗೂ ಅಲ್ಲೇ ಇದೆ. ಆಮೇಲೆ ಇಬ್ಬರೂ ಕೂಡಿ ದಾರಿಹೋಕರಿಗೆ ಅನ್ನ ಹಾಕಲು ಶುರು ಮಾಡಿದರು. ಎಲ್ಲರನ್ನೂ ಉಣ್ಣಿಸಿ, ಕೊನೆಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಒಂದು ಮುದ್ದೆ ಮುರಿದುಕೊಂಡು ಉಣ್ಣುತ್ತಿದ್ದರು. ಪಾತ್ರೆ ತೊಳೆಯುವುದು ಉಳಿಯುತ್ತದೆ ಎಂದು ಲಿಂಗಮ್ಮ ನೆಪ ಹೇಳುತ್ತಿದ್ದಳು.

ಈರಕ್ಕ ಅಡುಗೆಯ ರುಚಿ ನೋಡುತ್ತಿರಲಿಲ್ಲ. ಯಾವತ್ತೂ ನೋಡಿದವಳಲ್ಲ. ಅವಳ ತವರು ಅಂತರಘಟ್ಟೆ ಕಡೆ. ಅವರ ಮನೆಯಲ್ಲಿ ದೇವಿಗೆ ಮೀಸಲು ಅಡುಗೆ ಮಾಡುವುದಿತ್ತು, ಮೀಸಲು ಮಾಡುವವರು ನಾಲಿಗೆಗೆ ಮುಟ್ಟಿಸುವಂತಿಲ್ಲ. ಹುಡುಗಿಯಾಗಿದ್ದಾಗ ಕಲಿತದ್ದು ಅವಳ ಕೈಗೆ ಹಾಗೇ ಅಂಟಿಕೊಂಡಿತು. ಉಣ್ಣುವವರಿಗಿಂತ ಮೊದಲು ಮಾಡಿದವರು ಉಣ್ಣಬಾರದು ಎನ್ನುವುದು ಅವಳ ನಂಬಿಕೆ. ಹಾಗಾಗಿ ಹುರುಳಿ ಬೇಯಿಸಿ ಕಟ್ಟು ಬಸಿಯುವುದು, ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಕಾಯಿಯ ಜೊತೆ ಅರೆಯುವುದು, ಹುಣಸೆಹುಳಿ ಬಿಟ್ಟು ಕುದಿಸುವುದು, ಬೆಳ್ಳುಳ್ಳಿ ಒಗ್ಗರಣೆ ಕೊಡುವುದು, ಎಲ್ಲ ಅವಳೇ. ಉಪ್ಪು ಹಾಕುವ ಹೊತ್ತಿಗೆ ಮಾತ್ರ ತಿರುಗಿ ಕೂಗುವಳು.

"ಉಪ್ಪು ನೋಡೇ ಲಿಂಗಾ."

ಉಪ್ಪಿನ ಗಡಿಗೆಯ ಪಕ್ಕ ಮಣೆ ಹಾಕಿಕೊಂಡು ಕೂತ ಲಿಂಗಮ್ಮ ಎದ್ದು ಬಂದು, ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, ಬೇಕಾದಷ್ಟು ಹಾಕುವಳು. ಈರಕ್ಕನ ಕೈ, ಲಿಂಗಮ್ಮನ ನಾಲಿಗೆ. ಆ ಸಾರು ಉಂಡವರು ನನ್ನ ಜೀಪಿನಲ್ಲಿ ಕೂತು ಬೆಟ್ಟ ಇಳಿಯುವವರೆಗೂ ಜಲಪಾತದ ಸುದ್ದಿ ಎತ್ತುತ್ತಿರಲಿಲ್ಲ.

ಕೊರೊನಾ ಎರಡನೇ ಸಲ ಬಂದಾಗ ಲಿಂಗಮ್ಮನಿಗೆ ಜ್ವರ ಹಿಡಿಯಿತು. ಪೇಟೆಯ ಆಸ್ಪತ್ರೆಗೆ ಸೇರಿಸಿದೆವು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ, ಊಟದ ಕ್ಯಾರಿಯರನ್ನು ಗೇಟಿನಲ್ಲಿ ಕೊಟ್ಟು ಬರಬೇಕಿತ್ತು. ಅದನ್ನು ಒಯ್ಯುತ್ತಿದ್ದವನು ನಾನೇ. ಆಸ್ಪತ್ರೆಯ ಗಂಜಿ ಸೇರುವುದಿಲ್ಲ, ಹುರುಳಿ ಸಾರು ಬೇಕು ಎಂದು ಲಿಂಗಮ್ಮ ಹಟ ಹಿಡಿದಾಗ ಈರಕ್ಕ ಅವಳೊಬ್ಬಳಿಗೆಂದೇ ಪುಟ್ಟ ತಪ್ಪಲೆಯಲ್ಲಿ ಖಾರ ಕಡಿಮೆ ಮಾಡಿ ಸಾರಿಟ್ಟಳು. ಅದನ್ನು ಬೇರೆ ಯಾರೂ ಉಣ್ಣಲಿಲ್ಲ. ನಾನು ಕೊಟ್ಟು ಹಿಂದಿರುಗಿ ಈರಕ್ಕನ ಜಗಲಿಯಲ್ಲಿ ಕೂತಿದ್ದಾಗ ಅವಳ ಫೋನು ಬಡಿದುಕೊಂಡಿತು. ಲಿಂಗಮ್ಮನ ದನಿ ಜಗಲಿಯವರೆಗೂ ಕೇಳುತ್ತಿತ್ತು.

"ಅಕ್ಕಾ, ಸಾರಿಗೆ ಉಪ್ಪೇ ಹಾಕಿಲ್ವಲ್ಲಕ್ಕಾ. ನಾನಿಲ್ದಿದ್ರೆ ನಿನ್ ಕತೆ ಇಷ್ಟೇಯ!"

ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. "ನಾಳೆ ಹಾಕಿ ಕಳಿಸ್ತೀನಿ ಕಣೇ, ನಾಳೆ," ಎಂದು ಈರಕ್ಕ ಕೂಗಿ ಹೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಮರುದಿನ ನಾನು ಕ್ಯಾರಿಯರು ಹಿಡಿದು ಗೇಟಿನ ಹತ್ತಿರ ಹೋದಾಗ, ಬೆಳಗಿನ ಜಾವವೇ ಮುಗಿಯಿತು ಎಂದರು. ದೇಹವನ್ನು ಮನೆಗೆ ಕೊಡಲಿಲ್ಲ. ಎಲ್ಲಿ ಸುಟ್ಟರು ಎಂದು ಕಲ್ಲಪ್ಪನಿಗೆ ದೂರದಿಂದ ಕೈ ತೋರಿಸಿದರು, ಅಷ್ಟೇ. ನಾನು ತುಂಬಿದ ಕ್ಯಾರಿಯರನ್ನೇ ತಂದು ಈರಕ್ಕನ ಮುಂದೆ ಇಟ್ಟೆ. ಅವಳು ಅದನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಗುಂಡಿ ತೆಗೆದು ಸಾರು ಸುರಿದು ಮಣ್ಣು ಮುಚ್ಚಿದಳು. ಒಬ್ಬರ ಮೈ ಮುಚ್ಚುವ ಹಾಗೆ ನಿಧಾನವಾಗಿ ಮುಚ್ಚಿದಳು. ನನಗೆ ನೋಡಲಾಗದೆ ಜೀಪಿನಲ್ಲಿ ಹೋಗಿ ಕೂತೆ.

ಅವತ್ತಿನಿಂದ ಈರಕ್ಕ ಉಪ್ಪು ಬಿಟ್ಟಳು.

ಆ ಜ್ವರದಲ್ಲಿ ನಾಲಿಗೆಯ ರುಚಿ ಸತ್ತುಹೋಗುತ್ತದೆ, ಯಾರಿಗೆ ಏನು ಕೊಟ್ಟರೂ ಸಪ್ಪೆಯೇ ಎಂದು ಊರೆಲ್ಲ ಹೇಳಿತು. ನಾನೂ ಹೇಳಿದೆ. ಈರಕ್ಕ ತಲೆ ಅಲ್ಲಾಡಿಸುತ್ತಿದ್ದಳು. "ಹಾಕಿದ್ನೋ ಇಲ್ವೋ ನಂಗೇ ನೆಪ್ಪಿಲ್ಲ ಕಣೋ ತಿಪ್ಪೇಶಿ. ಅವ್ಳು ಬಾಯಿ ಸಪ್ಪೆ ಮಾಡ್ಕೊಂಡು ಹೋಗ್ಬಿಟ್ಳು. ಅವ್ಳು ಬಂದು ನಮ್ಮನೇಲಿ ಉಂಡಿದ್ದು ಗೊತ್ತಾದ ದಿವ್ಸ ನಾನೂ ಉಪ್ಪು ತಿಂತೀನಿ."

ಸತ್ತವರು ಬಂದು ಉಣ್ಣುವುದು ಹಿರಿಯರ ಹಬ್ಬದ ದಿನ. ಮಹಾಲಯ ಅಮಾವಾಸ್ಯೆಗೆ ಒಬ್ಬೊಬ್ಬರ ಹೆಸರಿಗೆ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ನೋಡುವುದು. ಈರಕ್ಕನ ಮನೆಯಲ್ಲಿ ಮುದ್ದೆಯ ಮೇಲೆ ಗುರುತು ನೋಡುತ್ತಾರೆ. ಬೆರಳು ಒತ್ತಿದಂತೆ ಒಂದು ತಗ್ಗೋ ಗೀರೋ ಕಂಡರೆ ಹಿರಿಯರು ಮುಟ್ಟಿದರು ಎಂದು ಅರ್ಥ. ಆರುವಾಗ ಮುದ್ದೆ ಬಿರುಕು ಬಿಡುತ್ತದೆ ಎಂದು ನನಗೆ ಗೊತ್ತು, ಈ ಮಾತನ್ನು ಆ ಮನೆಯಲ್ಲಿ ಆಡುವಷ್ಟು ಹೆಡ್ಡ ನಾನಲ್ಲ. ಅತ್ತೆ ಮಾವನ ಎಲೆಯಲ್ಲಿ, ಲಕ್ಷ್ಮಣಪ್ಪನ ಎಲೆಯಲ್ಲಿ ಪ್ರತಿ ವರ್ಷ ಗುರುತು ಕಂಡಿತು. ಲಿಂಗಮ್ಮನ ಎಲೆಯ ಮುದ್ದೆ ಮಾತ್ರ ಇಟ್ಟದ್ದು ಇಟ್ಟ ಹಾಗೇ ನುಣ್ಣಗೆ ಕೂತಿರುತ್ತಿತ್ತು. ಈರಕ್ಕ ಅದರ ಸುತ್ತ ಬಗ್ಗಿ ಬಗ್ಗಿ ನೋಡಿ ಎದ್ದು ಹೋಗುವಳು.

ಅವಳಿಗೆ ಗೊತ್ತಿಲ್ಲದ್ದು ನಮಗೆಲ್ಲ ಗೊತ್ತಿತ್ತು. ಆ ಎಡೆಯ ಸಾರಿಗೆ ಉಪ್ಪು ಇರುತ್ತಿರಲಿಲ್ಲ.

ಬೇರೆ ದಿನ ಸಾರು ಸರಿಯಾಗೇ ಇರುತ್ತಿತ್ತು. ಒಲೆಯ ಮುಂದೆ ನಿಂತು ಮೊದಲಿನ ಹಾಗೇ "ಉಪ್ಪು ನೋಡೇ ಲಿಂಗಾ" ಎಂದು ಕೂಗಿ, ಕತ್ತು ಒಂದು ಕಡೆ ವಾಲಿಸಿ ಕೊಂಚ ಕಾಯುವಳು. ಆಮೇಲೆ ಗಡಿಗೆಗೆ ಕೈ ಹಾಕಿ ಹಿಡಿ ಉಪ್ಪು ಬಿಡುವಳು. ಒಮ್ಮೆಯೂ ಹೆಚ್ಚು ಕಡಿಮೆ ಆಗಲಿಲ್ಲ. ಗಡಿಗೆಯ ಪಕ್ಕದ ಮಣೆ ಖಾಲಿ, ಅದರ ಮೇಲೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಒಂದು ದಿನ ಅವಳ ಎರಡು ಕೈಯೂ ಹಿಟ್ಟಿನಲ್ಲಿದ್ದಾಗ ಗಡಿಗೆಯ ಮುಚ್ಚಳ ಸರಿದ ಸದ್ದು ನನಗೆ ಕೇಳಿತು. ಇಲಿ ಇರಬೇಕು ಎಂದುಕೊಂಡೆ. ಆದರೂ ಅವತ್ತು ಊಟ ಮುಗಿಸದೆ ಎದ್ದುಬಿಟ್ಟೆ.

ಹಿರಿಯರ ಹಬ್ಬದ ದಿನ ಮಾತ್ರ ಆ ಕೂಗು ಇಲ್ಲ. ಎಡೆಯ ಅಡುಗೆ ಮಾಡುವವರು ಎಂಜಲು ಸಿಡಿಯಬಾರದೆಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಾತಿಲ್ಲದೆ ಮಾಡಬೇಕು. ಕೂಗಿಲ್ಲ, ಆದ್ದರಿಂದ ಉಪ್ಪೂ ಇಲ್ಲ. ಅವಳ ಕೈಗೆ ನೆನಪಾಗುತ್ತಲೇ ಇರಲಿಲ್ಲ. ಎಡೆಯಾದ ಮೇಲೆ ಊಟಕ್ಕೆ ಕೂತ ಮೊದಲ ವರ್ಷ ತುತ್ತು ಬಾಯಿಗಿಟ್ಟು ನಾನು ತಲೆ ಎತ್ತಿದೆ. ಎದುರಿಗೆ ಕಲ್ಲಪ್ಪ ನನ್ನನ್ನೇ ನೋಡುತ್ತಿದ್ದ. ಕಣ್ಣಲ್ಲೇ ಬೇಡ ಎಂದ. ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಸಾರಿಗೆ ಬೆರೆಸಿಕೊಂಡು ಉಂಡ. ನಾನೂ ಬೆರೆಸಿಕೊಂಡೆ. ಹೇಳಿದರೆ ಅವಳು ಏನು ಲೆಕ್ಕ ಹಾಕುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು. ಉಪ್ಪು ತಿನ್ನದ ಅವಳಿಗೆ ಅವಳ ಪಾಲಿನ ಸಪ್ಪೆ ಗಂಜಿ ಬೇರೆಯೇ ಇತ್ತು, ಹಾಗಾಗಿ ತಿಳಿಯುವ ದಾರಿಯೂ ಇರಲಿಲ್ಲ. ವರ್ಷ ವರ್ಷವೂ ಹಾಗೇ ನಡೆಯಿತು. ಕರುಣೆ ಎಂದುಕೊಂಡಿದ್ದೆವು.

ಆದರೆ ಉಪ್ಪಿಲ್ಲದ ಮೈ ಎಷ್ಟು ದಿನ ತಡೆದೀತು? ಹೋದ ಬೇಸಿಗೆಯಿಂದ ಈರಕ್ಕನಿಗೆ ತಲೆ ಸುತ್ತು ಬರತೊಡಗಿತು. ಕೈಕಾಲು ಸೆಳೆಯುತ್ತಿತ್ತು. ಒಂದು ದಿನ ಒಲೆಯ ಪಕ್ಕವೇ ಬಿದ್ದಳು, ಒಂದು ಗೇಣು ಆಚೆ ಬಿದ್ದಿದ್ದರೆ ಬೆಂಕಿಗೆ ಬೀಳುತ್ತಿದ್ದಳು. ತರೀಕೆರೆಯಲ್ಲಿ ಡಾಕ್ಟರು ಗ್ಲೂಕೋಸು ಹಾಕಿಸಿ, ಉಪ್ಪು ತಿನ್ನದಿದ್ದರೆ ಇನ್ನೊಂದು ಸಲ ಬಿದ್ದವಳು ಏಳುವುದಿಲ್ಲ ಎಂದು ಗದರಿದರು. ಮನೆಗೆ ಬಂದು ಕಲ್ಲಪ್ಪ ಕೈಮುಗಿದ. ನಾನು ಬೈದೆ.

"ಅವ್ಳು ಉಣ್ಲಿ, ತಿಂತೀನಿ," ಎಂದಳು ಈರಕ್ಕ.

ಈ ಸಲದ ಹಬ್ಬದ ಹಿಂದಿನ ದಿನ ಪ್ರಿಯಾಂಕಾ ಎಂಬ ಹುಡುಗಿ ನನ್ನ ಜೀಪು ಹತ್ತಿದಳು. ಮೈಸೂರಿನವಳು. ಊರೂರು ಸುತ್ತಿ ಅಲ್ಲಲ್ಲಿಯ ಅಡುಗೆ ಉಂಡು, ಮಾಡಲು ಕಲಿತು ಬರುವುದೇ ಅವಳ ಪ್ರವಾಸವಂತೆ. ಬಸ್ಸಿಳಿದಾಗಿನಿಂದ ಮೊಬೈಲು ಹಿಡಿದು ದಾರಿಯ ಬೇಲಿಯನ್ನೂ ಬಿಡದೆ ಚಿತ್ರ ತೆಗೆಯುತ್ತಿದ್ದಳು, ನನಗೆ ಮೈ ಉರಿಯಿತು. ನಾಳೆ ಹಬ್ಬ, ಹೊರಗಿನವರಿಗೆ ಆಗುವುದಿಲ್ಲ ಎಂದೆ. ಈರಕ್ಕ ನನ್ನನ್ನೇ ಗದರಿದಳು: "ಬಂದೋರ್ನ ಕಳಿಸ್ತಾರೇನೋ? ಇರ್ಲಿ ಬಿಡು."

ಹುಡುಗಿ ಕೆಟ್ಟವಳಲ್ಲ. ಮೊಬೈಲು ಒಳಗಿಟ್ಟು ಸೆರಗು ಸಿಕ್ಕಿಸಿದ ಹಾಗೆ ದುಪಟ್ಟಾ ಸಿಕ್ಕಿಸಿ ಮುದ್ದೆ ತಿರುವಿದಳು. ಅಂಗೈ ಕೆಂಪಾದರೂ ಚೀರಲಿಲ್ಲ. ಸೌಟನ್ನು ಬಾಯಿಗಿಡದೆ ಅಂಗೈಗೆ ಬಿಟ್ಟುಕೊಂಡು ರುಚಿ ನೋಡುವುದನ್ನು ಈರಕ್ಕನೇ ಕಲಿಸಿಕೊಟ್ಟಳು, ಬಂದವರಿಗೆಲ್ಲ ಅದನ್ನು ಕಲಿಸುತ್ತಾಳೆ. ಅಷ್ಟರಲ್ಲಿ ಎಂದಿನ ಕೂಗು ಬಂತು. ಹುಡುಗಿ ಸುತ್ತ ನೋಡಿ, "ಲಿಂಗಾ ಅಂದ್ರೆ ಯಾರು?" ಎಂದಳು. ನಾನು ನೀರು ತರುವ ನೆಪದಲ್ಲಿ ಎದ್ದೆ. ಅಡುಗೆಮನೆಯಲ್ಲಿ ಹತ್ತಿರ ಇದ್ದವರು ಉಪ್ಪು ನೋಡಬೇಕು ಎಂದು ಅವಳು ಅರ್ಥ ಮಾಡಿಕೊಂಡಿರಬೇಕು.

ಮರುದಿನ ಮಧ್ಯಾಹ್ನ ಎಡೆಗೆ ಎಲ್ಲ ಸಿದ್ಧವಾಗಿತ್ತು. ಕಜ್ಜಾಯ, ವಡೆ, ಕುಂಬಳಕಾಯಿ ಪಲ್ಯ, ಲಿಂಗಮ್ಮನಿಗೆಂದು ಹುರುಳಿ ಸಾರು. ಈರಕ್ಕ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಗ್ಗರಣೆ ಕೊಟ್ಟು ಬಾಳೆ ಎಲೆ ತರಲು ತಿರುಗಿದಳು. ನಾನು ಹೊಸ್ತಿಲಲ್ಲಿದ್ದೆ. ಪ್ರಿಯಾಂಕಾ ಸೌಟು ಎತ್ತಿದ್ದು ಕಂಡಿತು. ಬೇಡ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಅಂಗೈ ನೆಕ್ಕಿಯಾಗಿತ್ತು.

"ಆಂಟೀ, ಇದಕ್ಕೆ ಉಪ್ಪೇ ಹಾಕಿಲ್ಲ."

ಎಡೆಯ ಸಾರು ಎಂಜಲಾದದ್ದು ಒಂದು ಕಡೆ, ಆ ಮಾತು ಇನ್ನೊಂದು ಕಡೆ. ಲಿಂಗಮ್ಮ ಫೋನಿನಲ್ಲಿ ಆಡಿದ ಮಾತೇ ಅದು. ಈರಕ್ಕನ ಕೈಯಿಂದ ಎಲೆಗಳು ಜಾರಿದವು. ಕಲ್ಲಪ್ಪ ಒಳಗೆ ಓಡಿ ಬಂದ. ಹುಡುಗಿ ಬೆಪ್ಪಾಗಿ ನಮ್ಮ ಮೂವರ ಮುಖ ನೋಡಿದಳು. ಈರಕ್ಕ ಬಾಯಿಯ ಬಟ್ಟೆ ಬಿಚ್ಚಿ ಗಂಡನ ಕಡೆ ತಿರುಗಿದಳು.

"ಏನ್ರೀ, ಹೋದ್ವರ್ಷ ಇತ್ತಾ ಉಪ್ಪು?"

ಕಲ್ಲಪ್ಪ ನೆಲ ನೋಡಿದ.

"ಅದ್ರ ಹಿಂದಿನ ವರ್ಷ? ಬಾಯ್ಬಿಡ್ರೀ."

"ಒಂದ್ ವರ್ಷನೂ ಇರ್ಲಿಲ್ಲ ಕಣೇ," ಎಂದ ಕಲ್ಲಪ್ಪ. ಅವನು ಅಳುತ್ತಿದ್ದ. "ನೀನು ನೊಂದ್ಕೊಂತೀಯ ಅಂತ ಸುಮ್ನಿದ್ವಿ."

ಈಗ ಕುಸಿಯುತ್ತಾಳೆ ಎಂದು ನಾನು ಹತ್ತಿರ ಹೋದೆ. ಅವಳು ಕುಸಿಯಲಿಲ್ಲ. ಗೋಡೆಗೆ ಕೈಯೂರಿ ನಿಂತು, ಖಾಲಿ ಮಣೆಯ ಕಡೆ ನೋಡುತ್ತಾ ಮಾತಾಡಿದಳು.

"ಹಂಗಾದ್ರೆ ಅವತ್ತೂ ಹಾಕಿರ್ಲಿಲ್ಲ. ಅವ್ಳನ್ನ ಕೂಗ್ದಿದ್ರೆ ನನ್ ಕೈಗೆ ಉಪ್ಪು ನೆಪ್ಪಾಗಲ್ಲ. ನೀವೆಲ್ಲ ಜ್ವರ ಜ್ವರ ಅಂದ್ರಿ, ನಾಲ್ಗೆ ಸತ್ತೋಗಿತ್ತು ಅಂದ್ರಿ. ಅವ್ಳ ನಾಲ್ಗೆ ಕೊನೇವರ್ಗೂ ಸರಿಯಾಗೇ ಇತ್ತು ಕಣ್ರೀ. ಇದ್ದದ್ದೇ ಹೇಳಿದ್ಲು. ವರ್ಷ ವರ್ಷ ಬಂದು ಅದೇ ಸಪ್ಪೆ ಸಾರು ನೋಡ್ಕೊಂಡು ಎದ್ದು ಹೋಗವ್ಳೆ."

ಇಷ್ಟು ವರ್ಷ ನಾವು ಮಾಡಿದ ಕರುಣೆ ಇದೇ. ಇಬ್ಬರನ್ನೂ ಉಪವಾಸ ಕೂರಿಸಿದ್ದೆವು.

ಈರಕ್ಕ ಉಪ್ಪಿನ ಗಡಿಗೆ ಎತ್ತಿ ತಂದು ಪ್ರಿಯಾಂಕಾಳ ಮುಂದೆ ಇಟ್ಟಳು. "ಹಾಕು ಮಗಾ. ನೋಡ್ಕೊಂಡು ಹಾಕು."

"ಎಂಜಲಾಗೈತಲ್ಲೇ ಅದು," ಎಂದ ಕಲ್ಲಪ್ಪ. "ಅಪ್ಪ ಅವ್ವನ ಎಲೆಗೆ ಬಡಿಸೋದಾ?"

"ನಿಮ್ಮಪ್ಪ ಅವ್ವ ನಮ್ ಲಿಂಗನ ಎಂಜ್ಲು ತಿಂದ್ಕೊಂಡೇ ಬಂದವ್ರೆ. ಎಡೆ ದಿವ್ಸ ನಂಗೆ ಬೆನ್ನು ಮಾಡಿ ನಿಂತ್ಕೊಂಡು ಅಂಗೈ ನೆಕ್ತಿದ್ಲು. ನಾನು ನೋಡಿದ್ರೂ ನೋಡ್ದಂಗೆ ಇರ್ತಿದ್ದೆ. ಒಂದ್ ದಿವ್ಸಾನೂ ರುಚಿ ನೋಡ್ದೆ ಬಡಿಸಿದೋಳಲ್ಲ ಅವ್ಳು."

ಹುಡುಗಿ ಒಂದು ಚಿಟಿಕೆ ಉಪ್ಪು ತೆಗೆದಳು. ಹಾಕಿದಳು, ನೆಕ್ಕಿದಳು, ಮತ್ತೆ ಹಾಕಿದಳು. ಸರಿಯಾಯಿತು ಎಂದು ತಲೆಯಾಡಿಸಿದಳು. ಎಲೆಗಳಿಗೆ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿ ಹೊರಗೆ ಬಂದೆವು. ಜಗಲಿಯಲ್ಲಿ ಕೂತೆವು. ಮುದ್ದೆ ಬಿರುಕು ಬಿಡಲಿ ಎಂದು ನಾನು ಬೇಡಿಕೊಂಡೆ. ಹೌದು, ನಾನೇ. ಒಳಗೆ ಏನಾದರೂ ಸದ್ದಾಗುತ್ತದೆಯೇ ಎಂದು ಕಿವಿ ಅಲ್ಲೇ ಇತ್ತು. ಏನೂ ಕೇಳಲಿಲ್ಲ.

ಈರಕ್ಕ ಬಾಗಿಲು ತಟ್ಟಿ ತೆಗೆದಳು. ಅತ್ತೆ ಮಾವನ ಎಲೆಯಲ್ಲಿ ಗುರುತಿತ್ತು. ಲಕ್ಷ್ಮಣಪ್ಪನ ಎಲೆಯಲ್ಲೂ ಇತ್ತು. ಲಿಂಗಮ್ಮನ ಎಲೆಯ ಮುದ್ದೆ, ಪ್ರತಿ ವರ್ಷದಂತೆಯೇ, ಒಂದು ಗೀರೂ ಇಲ್ಲದೆ ನುಣ್ಣಗೆ ಕೂತಿತ್ತು.

ಕಲ್ಲಪ್ಪ ಗೋಡೆಗೆ ಒರಗಿಬಿಟ್ಟ. ಹುಡುಗಿ "ನಾನು ಮುಟ್ಟಿದ್ದಕ್ಕೇನಾ?" ಎಂದು ಅಳಲು ಶುರು ಮಾಡಿದಳು. ಮುಗಿಯಿತು, ಇನ್ನು ಈರಕ್ಕನನ್ನು ಉಳಿಸಿಕೊಳ್ಳುವುದು ಆಗದ ಮಾತು ಎಂದು ನನಗೆ ಖಚಿತವಾಯಿತು.

ಈರಕ್ಕ ಆ ಎಲೆಯ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಹಣೆ ಬಡಿದುಕೊಂಡಳು.

"ನನ್ ಬುದ್ಧಿಗಿಷ್ಟು! ಅವ್ಳು ಯಾವತ್ತು ಒಬ್ಳೇ ಉಂಡವ್ಳೆ?"

ಉಪ್ಪಿನ ಗಡಿಗೆಯ ಪಕ್ಕದ ಮಣೆಯನ್ನು ತಂದು ಎಲೆಯ ಆಚೆ ಹಾಕಿದಳು. ಈಚೆ ತಾನು ನೆಲದ ಮೇಲೆ ಕೂತಳು. ಮುದ್ದೆಯನ್ನು ಎರಡು ಪಾಲು ಮುರಿದು ಒಂದನ್ನು ಆ ಕಡೆಗೆ ಸರಿಸಿದಳು. ತನ್ನ ಪಾಲಿನಿಂದ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಅವಳ ಮುಖವೆಲ್ಲ ಮುದುಡಿತು. ಇಷ್ಟು ವರ್ಷ ಉಪ್ಪು ಕಾಣದ ನಾಲಿಗೆ. ಕಣ್ಣಲ್ಲಿ ನೀರು ಬಂದು ಕೆನ್ನೆಯಲ್ಲಿ ಇಳಿದು ಬಾಯಿಗೇ ಹೋಯಿತು. ಅವಳು ಒರೆಸಿಕೊಳ್ಳಲಿಲ್ಲ. ನುಂಗಿದಳು. ಇನ್ನೊಂದು ತುತ್ತು ಮುರಿದಳು.

"ನಂಗೆ ಒಂಚೂರು ಜಾಸ್ತಿ ಅನ್ಸುತ್ತೆ," ಎಂದಳು, ಮಣೆಯ ಕಡೆ ನೋಡುತ್ತಾ. "ನೀ ನೋಡೇ ಲಿಂಗಾ. ಸರಿಯಾಗೈತಾ?"

ಕತ್ತು ಒಂದು ಕಡೆ ವಾಲಿಸಿ ಕಾದಳು. ಅಡುಗೆಮನೆಯಲ್ಲಿ ಒಲೆಯ ಕೆಂಡ ಒಡೆದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನನ್ನ ಪಕ್ಕದಲ್ಲಿ ಪ್ರಿಯಾಂಕಾ ನನ್ನ ಅಂಗಿಯ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ಕಡೆಗೆ ಸರಿಸಿದ ಅರ್ಧ ಮುದ್ದೆ ಅವಳ ಕಣ್ಣಿಗೆ ನೇರವಾಗಿ ಬೀಳುತ್ತಿತ್ತು. ನಾನು ಆ ಕಡೆ ನೋಡಲಿಲ್ಲ. ಆರುವಾಗ ಮುದ್ದೆ ಬಿರುಕು ಬಿಡುತ್ತದೆ ಎಂದು ಬಲ್ಲ ನಾನು, ಅವತ್ತು ತಲೆ ಎತ್ತಲಿಲ್ಲ.

ಈರಕ್ಕ ಯಾರೋ ಹೇಳಿದ್ದನ್ನು ಕೇಳಿಸಿಕೊಂಡವಳಂತೆ ತಲೆಯಾಡಿಸಿ, ಬಾಯಲ್ಲಿ ತುತ್ತು ಇಟ್ಟುಕೊಂಡೇ ನಮ್ಮ ಕಡೆ ತಿರುಗಿದಳು.

"ಸರಿಯಾಗೈತಂತೆ," ಎಂದಳು.